ಉಗ್ಗು ಮನೆತನದಿಂದ ಬರುವುದೇ?

ಮನುಷ್ಯನಿಗೆ ಲಭಿಸಿರುವ ಶಕ್ತಿಗಳಲ್ಲಿ ವಾಕ್‌ಶಕ್ತಿಯು ಅತ್ಯಂತ ಅಮೂಲ್ಯವಾದುದು. ಮಗುವು ಮೊದಲ ಸಲ ‘ಅಮ್ಮ’ ಎಂದಾಗ ಮನೆಮಂದಿಯೆಲ್ಲ ಸಂತೋಷಪಡುತ್ತಾರೆ. ಅದೇ ಮಗುವು ಮೂರನೆಯ ವರ್ಷದಲ್ಲಿ ‘ಅ-ಅ-ಅ-ಅಮ್ಮ’ ಎಂದು ತಡೆತಡೆದು ನುಡಿಯತೊಡಗಿದರೆ ಮನೆಯಲ್ಲಿ ಕಳವಳ ಹುಟ್ಟುತ್ತದೆ. ಕಳವಳದ ಹಿಂದೆಯೇ ‘ಇದು ಯಾರ ಕಡೆಯಿಂದ ಬಂತು?’ ಎಂಬ ವಿಚಾರಣೆಯೂ ಆರಂಭವಾಗುತ್ತದೆ. ತಾಯಿಯ ತವರು, ತಂದೆಯ ಮನೆತನ, ಗ್ರಹಣಕಾಲದಲ್ಲಿ ಬಸುರಿ ಹೊರಗೆ ಬಂದದ್ದು, ಮಗು ರಾತ್ರಿ ಬೆಚ್ಚಿಬಿದ್ದದ್ದು, ನೆರೆಮನೆಯ ಉಗ್ಗುವ ಹುಡುಗನೊಡನೆ ಆಡಿದ್ದು, ಹೀಗೆ ಒಂದೊಂದೇ ಆರೋಪ ಹೊರಬೀಳುತ್ತದೆ.

ಒಂದು ಉದಾಹರಣೆಯನ್ನು ಇಲ್ಲಿ ಹೇಳುವುದು ಉಚಿತ. ಮೂರೂವರೆ ವರ್ಷದ ಗಂಡುಮಗುವೊಂದನ್ನು ತಾಯಿ, ತಂದೆ ಮತ್ತು ಅಜ್ಜಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆತಂದಿದ್ದರು. ನಾಲ್ಕು ತಿಂಗಳಿಂದ ಮಗುವು ಉಗ್ಗುತ್ತಿತ್ತು. ಸೊಸೆಯು ಮಗುವನ್ನು ಗದರಿಸಿ ಗದರಿಸಿ ಹೀಗಾಯಿತೆಂದು ಅಜ್ಜಿಯ ದೂರು. ತಾಯಿಯು ತಲೆ ತಗ್ಗಿಸಿ ಕುಳಿತಿದ್ದಳು. ಪ್ರಶ್ನೆಗಳನ್ನು ತಂದೆಗೆ ಕೇಳಿದರೂ ಉತ್ತರ ಬರುತ್ತಿದ್ದುದು ಅಜ್ಜಿಯಿಂದಲೇ. ಮಗುವಿನ ತೂಕ ನೋಡಲು ಹೆಂಗಸರು ಪಕ್ಕದ ಕೊಠಡಿಗೆ ಹೋದಾಗ ಆತನು ಬಾಯಿ ತೆರೆದನು. ಆತನೂ ಉಗ್ಗುತ್ತಿದ್ದನು. ತನ್ನ ಮಾತನ್ನು ಕೇಳಿ ಮಗುವು ಕಲಿತುಬಿಡುವುದೆಂಬ ಭಯದಿಂದ, ಕೆಲವು ತಿಂಗಳಿಂದ ಮಗನೊಡನೆ ಮಾತನ್ನೇ ನಿಲ್ಲಿಸಿಬಿಟ್ಟಿರುವುದಾಗಿ, ಮಗು ಮಲಗಿದ ಮೇಲೆಯೇ ಹೊಲದಿಂದ ಮನೆಗೆ ಬರುತ್ತಿರುವುದಾಗಿ ಆತನು ಬಹಳ ಹೊತ್ತು ತೆಗೆದುಕೊಂಡು ಹೇಳಿದನು. ಅವನ ತಂದೆಗೂ ಈ ತೊಂದರೆಯಿತ್ತಂತೆ.

ಈ ಮನೆಯಲ್ಲಿ ಮೂವರೂ ಮಗುವಿನ ಹಿತವನ್ನೇ ಬಯಸಿದವರು. ಆದರೆ ಉಗ್ಗಿನ ಕಾರಣವನ್ನು ಕುರಿತು ಇದ್ದ ತಪ್ಪು ತಿಳಿವಳಿಕೆಯಿಂದಾಗಿ ತಾಯಿಯು ಅಪರಾಧಿಯಾದಳು, ತಂದೆಯು ಮೂಕನಾದನು. ಆದ್ದರಿಂದ ಈ ವಿಷಯದಲ್ಲಿ ಇಂದಿನ ವೈದ್ಯಶಾಸ್ತ್ರವು ಏನು ಹೇಳುತ್ತದೆಂಬುದನ್ನು ಸ್ವಲ್ಪ ವಿವರವಾಗಿಯೇ ತಿಳಿಯುವುದು ಅವಶ್ಯಕ.

ತೊದಲು ಬೇರೆ, ಉಗ್ಗು ಬೇರೆ

ನಮ್ಮ ಆಡುಮಾತಿನಲ್ಲಿ ತೊದಲು ಮತ್ತು ಉಗ್ಗು ಎಂಬ ಪದಗಳನ್ನು ಒಂದಕ್ಕೆ ಬದಲಾಗಿ ಇನ್ನೊಂದನ್ನು ಬಳಸುವುದುಂಟು. ಎಳೆಯ ಮಗುವು ‘ರಾಮ’ ಎನ್ನಲಾರದೆ ‘ಲಾಮ’ ಎನ್ನುವುದು ತೊದಲುನುಡಿ. ಅದು ಬೆಳವಣಿಗೆಯ ಒಂದು ಹಂತ. ಉಗ್ಗಿನಲ್ಲಿ ಅಕ್ಷರದ ಉಚ್ಚಾರಣೆ ಮಗುವಿಗೆ ಗೊತ್ತಿರುತ್ತದೆ. ಹೇಳಬೇಕಾದ ಮಾತೂ ಮನಸ್ಸಿನಲ್ಲಿ ಸಿದ್ಧವಿರುತ್ತದೆ. ಆದರೆ ಮಾತಿನ ಓಟವು ಮುಗ್ಗರಿಸುತ್ತದೆ. ಪದದ ಮೊದಲ ಧ್ವನಿಯು ಮರುಕಳಿಸಬಹುದು, ಎಳೆದುಕೊಳ್ಳಬಹುದು, ಅಥವಾ ಬಾಯಿ ತೆರೆದರೂ ಸ್ವರವೇ ಹೊರಡದೆ ಸಿಕ್ಕಿಕೊಳ್ಳಬಹುದು. ಕೆಲವರಲ್ಲಿ ಕಣ್ಣು ಮುಚ್ಚುವುದು, ದವಡೆ ಬಿಗಿಯುವುದು, ತೊಡೆ ತಟ್ಟಿಕೊಳ್ಳುವುದು ಮುಂತಾದ ಹೆಣಗಾಟವೂ ಸೇರುತ್ತದೆ. ಇದೇ ವ್ಯಕ್ತಿಯು ಭಜನೆಯಲ್ಲಿ ಎಲ್ಲರೊಡನೆ ಹಾಡುವಾಗ, ಒಬ್ಬನೇ ಗೊಣಗಿಕೊಳ್ಳುವಾಗ, ಎತ್ತುಗಳೊಡನೆ ಮಾತನಾಡುವಾಗ ಬಹುಮಟ್ಟಿಗೆ ಉಗ್ಗುವುದಿಲ್ಲ. ನಾಲಿಗೆಯಲ್ಲಿ ದೋಷವಿದ್ದಿದ್ದರೆ ಹಾಡುವಾಗಲೂ ಅದು ಕಾಣಬೇಕಾಗಿತ್ತು.

ಉಗ್ಗು ಸಾಮಾನ್ಯವಾಗಿ ಎರಡರಿಂದ ಐದು ವರ್ಷಗಳ ಅವಧಿಯಲ್ಲಿ, ಅಂದರೆ ಮಗುವು ಎರಡೆರಡು ಪದಗಳನ್ನು ಜೋಡಿಸಿ ವಾಕ್ಯ ಕಟ್ಟಲು ಕಲಿಯುವ ಕಾಲದಲ್ಲಿ ಆರಂಭವಾಗುತ್ತದೆ. ನೂರು ಮಕ್ಕಳಲ್ಲಿ ಸುಮಾರು ಐದು ಮಕ್ಕಳಾದರೂ ಒಂದಲ್ಲ ಒಂದು ಕಾಲದಲ್ಲಿ ಉಗ್ಗುತ್ತವೆ. ಅವುಗಳಲ್ಲಿ ನಾಲ್ಕರಲ್ಲಿ ಮೂರು ಮಕ್ಕಳಿಗೆ, ಕೆಲವು ತಿಂಗಳುಗಳಲ್ಲಿಯೋ ಎರಡು ಮೂರು ವರ್ಷಗಳಲ್ಲಿಯೋ ಅದು ತಾನಾಗಿಯೇ ನಿಂತುಹೋಗುತ್ತದೆ. ವಯಸ್ಕರಲ್ಲಿ ಉಳಿಯುವುದು ನೂರರಲ್ಲಿ ಒಬ್ಬರಿಗೆ ಮಾತ್ರ. ಆರಂಭದಲ್ಲಿ ಗಂಡು ಮಕ್ಕಳ ಸಂಖ್ಯೆಯು ಹೆಣ್ಣು ಮಕ್ಕಳಿಗಿಂತ ಸ್ವಲ್ಪ ಹೆಚ್ಚಾಗಿದ್ದರೆ, ವಯಸ್ಕರಲ್ಲಿ ಒಬ್ಬ ಸ್ತ್ರೀಗೆ ಪ್ರತಿಯಾಗಿ ನಾಲ್ವರು ಪುರುಷರು ಉಗ್ಗುವವರಿರುತ್ತಾರೆ. ಅಂದರೆ ಹೆಣ್ಣು ಮಕ್ಕಳು ಹೆಚ್ಚಿನ ಪ್ರಮಾಣದಲ್ಲಿ ಗುಣಹೊಂದುತ್ತಾರೆ.

ರಕ್ತಸಂಬಂಧದಲ್ಲಿ ಬರುವುದು ಏನು?

ಉಗ್ಗು ಮನೆತನಗಳಲ್ಲಿ ಮರುಕಳಿಸುತ್ತದೆಂಬ ಜನರ ಅನುಭವವು ಸುಳ್ಳಲ್ಲ. ಉಗ್ಗುವವರನ್ನು ವಿಚಾರಿಸಿದರೆ ಸುಮಾರು ಅರ್ಧದಷ್ಟು ಜನರಿಗೆ ಹತ್ತಿರದ ಅಥವಾ ದೂರದ ಬಂಧುಗಳಲ್ಲಿ ಯಾರಾದರೊಬ್ಬರು ಉಗ್ಗಿದವರಿರುತ್ತಾರೆ. ಆದರೆ ಒಂದೇ ಮನೆಯಲ್ಲಿ ಕಾಣಿಸಿದ ಮಾತ್ರಕ್ಕೆ ಅದು ರಕ್ತದಿಂದಲೇ ಬಂದಿತೆನ್ನಲಾಗದು. ಒಂದೇ ಮನೆಯವರು ಒಂದೇ ಅಡುಗೆಯನ್ನು ಉಣ್ಣುತ್ತಾರೆ, ಒಂದೇ ರೀತಿಯ ಮಾತನ್ನು ಕೇಳುತ್ತಾರೆ. ಇವೆರಡನ್ನು ಬೇರ್ಪಡಿಸಿ ನೋಡಲು ವಿಜ್ಞಾನಿಗಳಿಗೆ ನೆರವಾದವರು ಅವಳಿ ಮಕ್ಕಳು.

ಒಂದೇ ಅಂಡದಿಂದ ಹುಟ್ಟಿದ, ರೂಪದಲ್ಲಿ ತದ್ವತ್ತಾಗಿರುವ ಅವಳಿಗಳಲ್ಲಿ ವಂಶವಾಹಿಗಳು ಬಹುತೇಕ ಒಂದೇ ಆಗಿರುತ್ತವೆ. ಎರಡು ಅಂಡಗಳಿಂದ ಹುಟ್ಟಿದ ಅವಳಿಗಳು ಸಾಮಾನ್ಯ ಅಣ್ಣತಮ್ಮಂದಿರಷ್ಟೇ ಹೋಲುತ್ತಾರೆ. ಇಬ್ಬಗೆಯ ಅವಳಿಗಳೂ ಒಂದೇ ಮನೆಯಲ್ಲಿ, ಒಂದೇ ಕಾಲದಲ್ಲಿ, ಅದೇ ತಾಯಿತಂದೆಯರ ಮಾತನ್ನು ಕೇಳುತ್ತ ಬೆಳೆಯುತ್ತಾರೆ. ಅನುಕರಣೆಯೇ ಉಗ್ಗಿಗೆ ಕಾರಣವಾಗಿದ್ದರೆ ಎರಡು ಬಗೆಯ ಅವಳಿಗಳಲ್ಲಿಯೂ ಇಬ್ಬರೂ ಉಗ್ಗುವ ಪ್ರಮಾಣ ಸಮವಾಗಿರಬೇಕಿತ್ತು. ಆದರೆ ಹಲವು ದೇಶಗಳಲ್ಲಿ ನಡೆದ ಅಧ್ಯಯನಗಳಲ್ಲಿ ತದ್ವತ್ ಅವಳಿಗಳಲ್ಲಿ ಇಬ್ಬರೂ ಉಗ್ಗುವುದು ಬಹಳ ಹೆಚ್ಚಾಗಿ ಕಂಡುಬಂದಿದೆ. ಇದರಿಂದ ವಂಶವಾಹಿಗಳ ಪಾತ್ರವು ದೊಡ್ಡದೆಂಬುದು ಸಿದ್ಧವಾಯಿತು. ಇದೇ ಅಧ್ಯಯನಗಳು ಇನ್ನೊಂದು ಸಂಗತಿಯನ್ನೂ ತಿಳಿಸುತ್ತವೆ. ತದ್ವತ್ ಅವಳಿಗಳಲ್ಲಿಯೂ ಒಬ್ಬನು ಉಗ್ಗಿ ಇನ್ನೊಬ್ಬನು ಉಗ್ಗದೆ ಇರುವ ಜೋಡಿಗಳಿವೆ. ಆದ್ದರಿಂದ ರಕ್ತದಲ್ಲಿ ಬರುವುದು ಉಗ್ಗಲ್ಲ, ಉಗ್ಗಿನ ಕಡೆಗೆ ಒಲವು ಎನ್ನುವುದು ಸರಿ.

ಈ ಒಲವಿನ ಅಳತೆಯನ್ನು 1981ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದ ಕೆನೆತ್ ಕಿಡ್ ಮತ್ತು ಸಂಗಡಿಗರು ಪ್ರಕಟಿಸಿದರು. ತಂದೆಯು ಉಗ್ಗುವವನಾದರೆ ಗಂಡು ಮಕ್ಕಳಲ್ಲಿ ಶೇಕಡ 22ರಷ್ಟು, ಹೆಣ್ಣು ಮಕ್ಕಳಲ್ಲಿ ಶೇಕಡ 9ರಷ್ಟು ಉಗ್ಗು ಕಂಡುಬಂದಿತು. ತಾಯಿಯು ಉಗ್ಗುವವಳಾದರೆ ಈ ಪ್ರಮಾಣವು ಕ್ರಮವಾಗಿ ಶೇಕಡ 36 ಮತ್ತು 17. ಹೆಣ್ಣುಮಕ್ಕಳಿಗೆ ಉಗ್ಗು ಸುಲಭವಾಗಿ ಅಂಟದಿರುವುದರಿಂದ, ಅದು ಅಂಟಿದ ಹೆಣ್ಣಿನಲ್ಲಿ ಒಲವಿನ ಭಾರವು ಹೆಚ್ಚಾಗಿದ್ದು ಮಕ್ಕಳಿಗೂ ಹೆಚ್ಚಾಗಿ ಸಂದಾಯವಾಗುತ್ತದೆಂದು ಇದನ್ನು ಅರ್ಥೈಸಲಾಗಿದೆ. ಓದುಗರು ಈ ಅಂಕಿಗಳನ್ನು ಇನ್ನೊಂದು ಬದಿಯಿಂದಲೂ ಓದಬೇಕು: ಉಗ್ಗುವ ತಂದೆಯ ಐದು ಗಂಡು ಮಕ್ಕಳಲ್ಲಿ ನಾಲ್ವರು ಉಗ್ಗುವುದಿಲ್ಲ.

ಗುಣವಾಗುವುದೂ ಮನೆತನವನ್ನು ಅನುಸರಿಸುತ್ತದೆಂಬುದು ಹೆಚ್ಚು ಜನರಿಗೆ ತಿಳಿಯದ ಸಂಗತಿ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಎಹುದ್ ಯಾಯ್ರಿ ಮತ್ತು ಸಹೋದ್ಯೋಗಿಗಳು ಉಗ್ಗುವ ಮಕ್ಕಳನ್ನು ಹಲವು ವರ್ಷ ಬೆನ್ನುಹತ್ತಿ ನೋಡಿದರು. ಬಾಲ್ಯದಲ್ಲಿ ಉಗ್ಗಿ ಅನಂತರ ಸರಿಹೋದ ಬಂಧುಗಳಿರುವ ಮಕ್ಕಳು ಹೆಚ್ಚಾಗಿ ಗುಣಹೊಂದಿದರು. ದೊಡ್ಡವರಾದ ಮೇಲೂ ಉಗ್ಗುತ್ತಿರುವ ಬಂಧುಗಳಿರುವ ಮಕ್ಕಳಲ್ಲಿ ಅದು ಉಳಿಯುವ ಸಂಭವ ಹೆಚ್ಚಾಗಿತ್ತು. ಆದ್ದರಿಂದ ವೈದ್ಯರು ‘ಮನೆಯಲ್ಲಿ ಯಾರಿಗಾದರೂ ಉಗ್ಗು ಇತ್ತೇ?’ ಎಂದು ಕೇಳಿದಾಗ ನಾಚಿಕೆಯಿಂದ ಮರೆಮಾಚಬಾರದು. ಅಜ್ಜನಿಗೆ ಇತ್ತು, ಹತ್ತನೆಯ ವಯಸ್ಸಿಗೆ ಹೋಯಿತು ಎಂಬ ಒಂದು ಮಾತು ವೈದ್ಯರಿಗೆ ಬಹಳ ಉಪಯುಕ್ತ.

ವಂಶವಾಹಿಗಳ ಶೋಧ

ಯಾವ ವಂಶವಾಹಿ ಎಂಬ ಪ್ರಶ್ನೆಗೆ ಮೊದಲ ಖಚಿತ ಉತ್ತರವು 2010ರಲ್ಲಿ ದೊರೆಯಿತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಡೆನಿಸ್ ಡ್ರೇನಾ ಅವರ ತಂಡವು ಪಾಕಿಸ್ತಾನದ ಕೆಲವು ಕುಟುಂಬಗಳನ್ನು ಪರೀಕ್ಷಿಸಿತು. ಆ ಕುಟುಂಬಗಳಲ್ಲಿ ಉಗ್ಗುವವರು ಅನೇಕರಿದ್ದರು. ಬಂಧುಗಳೊಳಗೇ ವಿವಾಹವಾಗುವ ಪದ್ಧತಿಯೂ ಇತ್ತು. ಜಿ.ಎನ್.ಪಿ.ಟಿ.ಎ.ಬಿ. ಎಂಬ ವಂಶವಾಹಿಯಲ್ಲಿ ಬದಲಾವಣೆಯು ಕಂಡುಬಂದಿತು. ಅದೇ ಬದಲಾವಣೆಯು ಆ ಕುಟುಂಬಗಳಿಗೆ ಸಂಬಂಧಪಡದ, ಭಾರತೀಯ ಮೂಲದ ಉಗ್ಗುವವರಲ್ಲಿಯೂ ದೊರೆಯಿತು. ಇದರ ಜೊತೆಗಾರ ವಂಶವಾಹಿಗಳೆರಡರಲ್ಲಿಯೂ ದೋಷಗಳು ಪತ್ತೆಯಾದವು. ಇವು ಮಾತಿಗೆಂದೇ ಮೀಸಲಾದ ವಂಶವಾಹಿಗಳಲ್ಲವೆಂಬುದು ಆಶ್ಚರ್ಯಕರ. ಜೀವಕೋಶದೊಳಗಿನ ಕಸವನ್ನು ಕರಗಿಸುವ ಲೈಸೋಸೋಮ್ ಎಂಬ ಚೀಲಗಳಿಗೆ ಕಿಣ್ವಗಳನ್ನು ವಿಳಾಸ ಬರೆದು ತಲಪಿಸುವುದು ಇವುಗಳ ಕೆಲಸ. ಅದಕ್ಕೂ ಮಾತಿಗೂ ಏನು ನಂಟು? 2016ರಲ್ಲಿ ಇದೇ ಬದಲಾವಣೆಯನ್ನು ಇಲಿಗಳಲ್ಲಿ ಉಂಟುಮಾಡಿ ನೋಡಲಾಯಿತು. ಆ ಇಲಿಮರಿಗಳು ಬೇರೆಲ್ಲದರಲ್ಲಿಯೂ ಆರೋಗ್ಯವಾಗಿದ್ದವು. ಕೂಗಿನ ಮಧ್ಯದ ನಿಲುಗಡೆ ಮಾತ್ರ ಉದ್ದವಾಗಿತ್ತು.

ಈ ವಂಶವಾಹಿಗಳಿಂದ ವಿವರಿಸಬಹುದಾದುದು ಉಗ್ಗುವವರಲ್ಲಿ ಒಂದು ಸಣ್ಣ ಪಾಲನ್ನು ಮಾತ್ರ. 2025ರಲ್ಲಿ ಹತ್ತು ಲಕ್ಷಕ್ಕೂ ಮೀರಿದ ಜನರ ವಂಶವಾಹಿ ಮಾಹಿತಿಯನ್ನು ಹೋಲಿಸಿದ ಅಧ್ಯಯನವೊಂದು ಪ್ರಕಟವಾಗಿ, ಉಗ್ಗಿನೊಡನೆ ಸಂಬಂಧವುಳ್ಳ 57 ತಾಣಗಳನ್ನು ಗುರುತಿಸಿತು. ಒಂದೊಂದರ ಪ್ರಭಾವವೂ ಅಲ್ಪ. ಎತ್ತರ, ಮೈಬಣ್ಣಗಳಂತೆ ಇಲ್ಲಿಯೂ ಹಲವು ಎಳೆಗಳು ಸೇರಿ ಒಂದು ಹುರಿಯಾಗುತ್ತವೆ. ಆದ್ದರಿಂದ ಗಂಡಿನ ಕಡೆಯದೋ ಹೆಣ್ಣಿನ ಕಡೆಯದೋ ಎಂಬ ಜಗಳಕ್ಕೆ ಬಹುಪಾಲು ಮನೆಗಳಲ್ಲಿ ಅರ್ಥವೇ ಇಲ್ಲ. ಎಳೆಗಳು ಎರಡೂ ಕಡೆಯಿಂದ ಬಂದಿರಬಹುದು.

ಈ ಒಲವು ಕೆಲಸ ಮಾಡುವ ಸ್ಥಳ ಮಿದುಳು. ಮಾತನಾಡುವಾಗ ಉಸಿರು, ಧ್ವನಿಪೆಟ್ಟಿಗೆ, ನಾಲಿಗೆ, ತುಟಿಗಳ ಹತ್ತಾರು ಸ್ನಾಯುಗಳು ಕ್ಷಣದ ಅಂಶವೂ ತಪ್ಪದಂತೆ ಒಂದರ ಹಿಂದೊಂದು ಚಲಿಸಬೇಕು. ಉಗ್ಗುವವರಲ್ಲಿ ಮಿದುಳಿನ ಎಡಭಾಗದಲ್ಲಿ ಮಾತನ್ನು ರೂಪಿಸುವ, ಕೇಳುವ ಮತ್ತು ಸ್ನಾಯುಗಳನ್ನು ನಡೆಸುವ ಕೇಂದ್ರಗಳನ್ನು ಬೆಸೆಯುವ ನರತಂತುಗಳ ಜೋಡಣೆಯು ಸ್ವಲ್ಪ ಭಿನ್ನವಾಗಿರುವುದು ಸ್ಕ್ಯಾನ್ ಪರೀಕ್ಷೆಗಳಲ್ಲಿ ಕಂಡಿದೆ. ಚಲನೆಗೆ ಕಾಲ ನಿರ್ಣಯಿಸುವ ಆಳದ ಭಾಗಗಳೂ ಇದರಲ್ಲಿ ಸೇರಿವೆ. ಚಿಕ್ಕ ಮಕ್ಕಳಲ್ಲಿಯೂ ಈ ವ್ಯತ್ಯಾಸ ಕಾಣುವುದರಿಂದ, ಇದು ವರ್ಷಾನುಗಟ್ಟಲೆ ಉಗ್ಗಿದುದರ ಫಲವೆನ್ನಲಾಗದು. ಬುದ್ಧಿಶಕ್ತಿಗೂ ಇದಕ್ಕೂ ಸಂಬಂಧವಿಲ್ಲ. ಹಿರಿಯರಲ್ಲಿ ಪಾರ್ಶ್ವವಾಯು ಅಥವಾ ತಲೆಗೆ ಪೆಟ್ಟಾದ ಮೇಲೆ ಥಟ್ಟನೆ ಕಾಣಿಸುವ ಉಗ್ಗು ಮಾತ್ರ ಬೇರೆ ಜಾತಿಯದು. ಅದಕ್ಕೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ತಪ್ಪು ಕಾರಣಗಳು ಮಾಡಿದ ಹಾನಿ

ಕಾರಣ ತಿಳಿಯದ ಕಾಲದಲ್ಲಿ ವೈದ್ಯರೂ ತಪ್ಪಿದ್ದಾರೆ. 1841ರಲ್ಲಿ ಬರ್ಲಿನ್ನಿನ ಪ್ರಸಿದ್ಧ ಶಸ್ತ್ರವೈದ್ಯನಾದ ಡೀಫೆನ್‌ಬಾಖ್‌ನು ಉಗ್ಗು ನಿವಾರಣೆಗೆಂದು ರೋಗಿಗಳ ನಾಲಿಗೆಯ ಬುಡವನ್ನೇ ಕೊಯ್ದನು. ಆಗ ಅರಿವಳಿಕೆಯೂ ಇರಲಿಲ್ಲ. ನಮ್ಮಲ್ಲಿ ಇಂದಿಗೂ ಕೆಲವರು ನಾಲಿಗೆಯಡಿಯ ಪೊರೆಯನ್ನು ಕತ್ತರಿಸಿದರೆ ಉಗ್ಗು ಹೋಗುವುದೆಂದು ಕೇಳಿಕೊಂಡು ಬರುತ್ತಾರೆ. ಆ ಪೊರೆಗೂ ಉಗ್ಗಿಗೂ ಸಂಬಂಧವಿಲ್ಲ.

ಇನ್ನೊಂದು ತಪ್ಪು ಹೆಚ್ಚು ಸೂಕ್ಷ್ಮವಾದುದು. ಅಮೆರಿಕದ ಅಯೋವಾ ವಿಶ್ವವಿದ್ಯಾನಿಲಯದ ವೆಂಡೆಲ್ ಜಾನ್ಸನ್ ಅವರು ಸ್ವತಃ ಉಗ್ಗುವವರಾಗಿದ್ದರು. ಎಲ್ಲ ಮಕ್ಕಳೂ ಸಹಜವಾಗಿ ತಡವರಿಸುತ್ತವೆ, ತಾಯಿತಂದೆಯರು ಅದಕ್ಕೆ ಉಗ್ಗೆಂದು ಹೆಸರಿಟ್ಟು ತಿದ್ದಹೋಗುವುದರಿಂದಲೇ ಅದು ನಿಜವಾದ ಉಗ್ಗಾಗುತ್ತದೆ ಎಂಬುದು ಅವರ ವಾದ. 1939ರಲ್ಲಿ ಅವರ ಮಾರ್ಗದರ್ಶನದಲ್ಲಿ ಮೇರಿ ಟ್ಯೂಡರ್ ಎಂಬ ವಿದ್ಯಾರ್ಥಿನಿಯು ಡೇವನ್‌ಪೋರ್ಟ್ ಎಂಬಲ್ಲಿನ ಅನಾಥಾಲಯದ 22 ಮಕ್ಕಳ ಮೇಲೆ ಪ್ರಯೋಗ ನಡೆಸಿದಳು. ಸರಿಯಾಗಿ ಮಾತನಾಡುತ್ತಿದ್ದ ಆರು ಮಕ್ಕಳಿಗೆ, ‘ನಿಮ್ಮಲ್ಲಿ ಉಗ್ಗು ಆರಂಭವಾಗಿದೆ’ ಎಂದು ಮತ್ತೆ ಮತ್ತೆ ಹೇಳಲಾಯಿತು. ಆ ಮಕ್ಕಳು ನಿಜವಾಗಿ ಉಗ್ಗುವವರಾದರೆಂಬುದಕ್ಕೆ ಅನಂತರದ ಪರಿಶೀಲನೆಯಲ್ಲಿ ಆಧಾರ ದೊರೆಯಲಿಲ್ಲ. ಆದರೆ ಅವರು ಮಾತನಾಡಲು ಹಿಂಜರಿದರು, ಮುದುಡಿಕೊಂಡರು. 2001ರಲ್ಲಿ ಪತ್ರಿಕೆಯೊಂದು ಇದನ್ನು ಬಯಲಿಗೆಳೆದಾಗ ವಿಶ್ವವಿದ್ಯಾನಿಲಯವು ಕ್ಷಮೆ ಯಾಚಿಸಿತು. 2007ರಲ್ಲಿ ಅಯೋವಾ ರಾಜ್ಯವು ಪರಿಹಾರ ನೀಡಲು ಒಪ್ಪಿತು.

ಈ ಘಟನೆಯಿಂದ ತಿಳಿಯುವುದು ಎರಡು. ಗದರಿಕೆಯಿಂದ, ಹೆಸರಿಡುವುದರಿಂದ ಉಗ್ಗು ಹುಟ್ಟುವುದಿಲ್ಲ. ಮೇಲೆ ಹೇಳಿದ ತಾಯಿಯು ನಿರಪರಾಧಿ. ಆದರೆ ಅದೇ ಗದರಿಕೆಯಿಂದ ಮಗುವಿನ ಬಾಯಿ ಮುಚ್ಚಿಹೋಗಬಲ್ಲದು. ಉಗ್ಗುವ ಮಗುವಿಗಿಂತ ಉಗ್ಗಿಗೆ ಹೆದರಿ ಮೌನವಾದ ಮಗುವಿನ ಸ್ಥಿತಿಯು ಕಷ್ಟಕರವೆಂದು ಅನೇಕ ವಾಕ್ ತಜ್ಞರ ಅಭಿಪ್ರಾಯ. ನನಗೂ ಅದು ಸರಿಯೆನಿಸಿದೆ.

ಭಯ, ಆತಂಕಗಳು ಈಗಾಗಲೇ ಇರುವ ಉಗ್ಗನ್ನು ಆ ಹೊತ್ತಿಗೆ ಹೆಚ್ಚಿಸಬಹುದು, ಹುಟ್ಟಿಸಲಾರವು. ಮನೆಯಲ್ಲಿ ತುಳುವೋ ಉರ್ದುವೋ, ಶಾಲೆಯಲ್ಲಿ ಕನ್ನಡವೋ ಇಂಗ್ಲಿಷೋ ಎಂದು ಎರಡು ಮೂರು ಭಾಷೆ ಕಲಿಯುವುದೂ ಕಾರಣವಲ್ಲ, ಮನೆಮಾತನ್ನು ನಿಲ್ಲಿಸಬೇಕಾಗಿಲ್ಲ. ಉಗ್ಗುವವನೊಡನೆ ಆಡಿದರೆ ಅಂಟುವುದೂ ಇಲ್ಲ. ಹಾಗಿದ್ದರೆ ಉಗ್ಗುವವರ ಹೆಂಡತಿಯರೂ, ಅವರಿಗೆ ಚಿಕಿತ್ಸೆ ನೀಡುವ ತಜ್ಞರೂ ಉಗ್ಗಬೇಕಾಗಿತ್ತು.

ಹೆಣ್ಣು ಕೊಡುವ, ತರುವ ಪ್ರಶ್ನೆ

‘ಆ ಮನೆಯಲ್ಲಿ ಉಗ್ಗುವವರಿದ್ದಾರೆ, ಸಂಬಂಧ ಬೆಳೆಸಬಹುದೇ?’ ಎಂಬ ಪ್ರಶ್ನೆಯು ಆಗಾಗ ಬರುತ್ತದೆ. ಉಗ್ಗೊಂದನ್ನೇ ಮುಂದಿಟ್ಟು ಸಂಬಂಧವನ್ನು ನಿರಾಕರಿಸಲು ವೈದ್ಯಶಾಸ್ತ್ರದಲ್ಲಿ ಆಧಾರವಿಲ್ಲ. ಸಂಭವದ ಪ್ರಮಾಣವನ್ನು ಮೇಲೆ ಕೊಟ್ಟಿದೆ. ಉಗ್ಗಿದ ಮಕ್ಕಳಲ್ಲಿಯೂ ಬಹುಪಾಲು ಗುಣಹೊಂದುತ್ತವೆ. 1957ರಲ್ಲಿ ಕೇರಳದ ಮೊದಲ ಮುಖ್ಯಮಂತ್ರಿಯಾದ ಇ.ಎಂ.ಎಸ್. ನಂಬೂದಿರಿಪಾಡರು ಉಗ್ಗುತ್ತಲೇ ಸಾವಿರಾರು ಜನರ ಸಭೆಗಳಲ್ಲಿ ಭಾಷಣ ಮಾಡಿದವರು. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ನಮ್ಮ ಪದ್ಧತಿಯಲ್ಲಿ ಒಂದೇ ಬಗೆಯ ದೋಷವು ಎರಡು ಕಡೆಯಿಂದಲೂ ಮಗುವಿಗೆ ಬರುವ ಸಂಭವ ಹೆಚ್ಚು ಎಂಬುದು ನಿಜ. ಆದರೆ ಅದನ್ನು ಇತರ ಗಂಭೀರ ಆನುವಂಶಿಕ ರೋಗಗಳ ಸಲುವಾಗಿ ಯೋಚಿಸಬೇಕೇ ಹೊರತು ಉಗ್ಗಿನ ಸಲುವಾಗಿ ಅಲ್ಲ.

ಮನೆಯಲ್ಲಿ ನಡೆದುಕೊಳ್ಳುವ ರೀತಿ

ಮಗುವು ಹೇಗೆ ಹೇಳಿತೆಂಬುದಕ್ಕಿಂತ ಏನು ಹೇಳಿತೆಂಬುದಕ್ಕೆ ಕಿವಿಗೊಡಿರಿ. ಅದರ ಮಾತು ಸಿಕ್ಕಿಕೊಂಡಾಗ ಪದವನ್ನು ನೀವೇ ಮುಗಿಸಿಬಿಡಬೇಡಿರಿ. ‘ನಿಧಾನವಾಗಿ ಹೇಳು, ಉಸಿರು ಎಳೆದುಕೋ’ ಎಂಬ ಸಲಹೆಯು ಒಳ್ಳೆಯ ಮನಸ್ಸಿನಿಂದ ಬಂದರೂ ಉಪಯೋಗವಾಗುವುದಿಲ್ಲ; ಬದಲಾಗಿ ದೊಡ್ಡವರೇ ನಿಧಾನವಾಗಿ ಮಾತನಾಡಿದರೆ ಮಗುವಿಗೆ ಅವಸರ ತಪ್ಪುತ್ತದೆ. ದಿನಕ್ಕೆ ಹತ್ತು ನಿಮಿಷವಾದರೂ, ಬೇರೆ ಯಾರೂ ಮಧ್ಯೆ ಬಾಯಿ ಹಾಕದಂತೆ, ಆ ಮಗುವೊಂದರೊಡನೆಯೇ ಕುಳಿತು ಮಾತನಾಡಿರಿ. ಬಂದ ನೆಂಟರ ಮುಂದೆ ಪದ್ಯ ಹೇಳಿಸುವುದನ್ನು ಕೆಲಕಾಲ ಬಿಟ್ಟುಬಿಡಿರಿ. ಶಾಲೆಗೆ ಹೋಗುವ ಮಗುವಾದರೆ ಉಪಾಧ್ಯಾಯರಿಗೆ ಮೊದಲೇ ತಿಳಿಸಿರಿ. ಹಾಜರಿ ಕೂಗುವಾಗ ತನ್ನ ಸರದಿ ಬರುವವರೆಗೆ ಆ ಮಗು ಪಡುವ ಪಾಡು ದೊಡ್ಡದು. ಕೈಯೆತ್ತಿದರೆ ಸಾಕೆಂದು ಉಪಾಧ್ಯಾಯರು ಹೇಳಬಹುದು. ಅಣಕಿಸುವ ಸಹಪಾಠಿಗಳನ್ನು ತಡೆಯುವುದೂ ಅವರ ಹೊಣೆ.

ನಾಲಿಗೆಗೆ ಬಜೆ ತೇಯ್ದು ಹಚ್ಚುವ ರೂಢಿಯು ನಮ್ಮಲ್ಲಿ ಹಳೆಯದು. ಅದರಿಂದ ಉಗ್ಗು ಹೋಗುವುದಿಲ್ಲ. ಹೆಚ್ಚಾದರೆ ಮಗುವಿಗೆ ವಾಂತಿಯಾಗುತ್ತದೆ. ಬರೆ ಹಾಕಿಸುವುದಂತೂ ಕ್ರೌರ್ಯ. ಉಗ್ಗಿಗೆಂದೇ ಅಂಗೀಕೃತವಾದ ಮಾತ್ರೆಯಾಗಲಿ ಟಾನಿಕ್ ಆಗಲಿ ಇಲ್ಲ.

ಉಗ್ಗು ಆರು ತಿಂಗಳು ಕಳೆದರೂ ತಗ್ಗದಿದ್ದರೆ, ಮೂರೂವರೆ ವರ್ಷದ ನಂತರ ಆರಂಭವಾಗಿದ್ದರೆ, ಮನೆಯಲ್ಲಿ ದೊಡ್ಡವರಾದ ಮೇಲೂ ಉಗ್ಗುವವರಿದ್ದರೆ, ಮುಖ ಬಿಗಿಯುವ ಹೆಣಗಾಟ ಕಂಡರೆ, ಅಥವಾ ಮಗುವು ಮಾತನ್ನೇ ತಪ್ಪಿಸತೊಡಗಿದರೆ ಕಾಯುತ್ತ ಕೂರದೆ ವಾಕ್ ತಜ್ಞರಿಗೆ ತೋರಿಸಬೇಕು. ಶಾಲಾಪೂರ್ವ ವಯಸ್ಸಿನಲ್ಲಿ ಚಿಕಿತ್ಸೆಯು ಹೆಚ್ಚು ಫಲಕಾರಿ. ಆಸ್ಟ್ರೇಲಿಯದಲ್ಲಿ ರೂಪುಗೊಂಡ ಲಿಡ್‌ಕೋಂಬ್ ಎಂಬ ಕ್ರಮದಲ್ಲಿ ತಜ್ಞರು ತಾಯಿ ಅಥವಾ ತಂದೆಗೆ ತರಬೇತಿ ನೀಡುತ್ತಾರೆ. ಮಗುವು ಸರಾಗವಾಗಿ ನುಡಿದಾಗ ಮೆಚ್ಚುವುದೇ ಅದರ ಮುಖ್ಯ ಭಾಗ. 2005ರಲ್ಲಿ ಪ್ರಕಟವಾದ ನ್ಯೂಜಿಲೆಂಡಿನ ಪರೀಕ್ಷೆಯೊಂದರಲ್ಲಿ ಈ ಕ್ರಮವನ್ನು ಅನುಸರಿಸಿದ ಮಕ್ಕಳ ಉಗ್ಗು, ಅನುಸರಿಸದ ಮಕ್ಕಳಿಗಿಂತ ಸ್ಪಷ್ಟವಾಗಿ ಕಡಿಮೆಯಾಗಿತ್ತು. ದೊಡ್ಡವರಿಗೂ ಚಿಕಿತ್ಸೆಯುಂಟು, ಅಲ್ಲಿ ಪೂರ್ಣ ನಿವಾರಣೆಗಿಂತ ಹೆಣಗಾಟವನ್ನು, ಅಂಜಿಕೆಯನ್ನು ತಗ್ಗಿಸುವುದೇ ಗುರಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಈ ಕ್ಷೇತ್ರದಲ್ಲಿ ದೇಶಕ್ಕೇ ಹೆಸರಾದುದು. ದೂರದ ಊರಿನವರು ಮೊದಲು ಆಶಾ ಕಾರ್ಯಕರ್ತೆಗೆ ಅಥವಾ ಅಂಗನವಾಡಿಗೆ ಭೇಟಿ ನೀಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ತಿಳಿಸಿದರೆ, ಅವರು ಜಿಲ್ಲಾ ಆಸ್ಪತ್ರೆಗೆ ಕಳುಹಿಸುವ ವ್ಯವಸ್ಥೆ ಮಾಡುತ್ತಾರೆ.

ಮೇಲೆ ಹೇಳಿದ ಮಗುವಿನ ಮನೆಯಲ್ಲಿ ಎರಡು ತಲೆಮಾರು ಉಗ್ಗು ಉಳಿದಿದ್ದುದರಿಂದ, ಆರು ತಿಂಗಳು ಕಾಯದೆ ಅದನ್ನು ತಜ್ಞರಲ್ಲಿಗೆ ಕಳುಹಿಸಲಾಯಿತು. ದಿನದ ಹತ್ತು ನಿಮಿಷದ ಮಾತುಕತೆಗೆ ಯಾರು ಕೂರಬೇಕೆಂದು ಅಜ್ಜಿ ಕೇಳಿದಾಗ ತಂದೆಯನ್ನೇ ಹೆಸರಿಸಲಾಯಿತು. ಆಕೆಗೆ ಅದು ಒಪ್ಪಿಗೆಯಾಗಲು ಎರಡು ಭೇಟಿಗಳು ಬೇಕಾದವು. ಮೂರನೆಯ ಸಲ ಮಗುವು ತಂದೆಯ ಹೆಗಲ ಮೇಲೆ ಕುಳಿತು ಬಂದಿತು. ಹೊಲದಲ್ಲಿ ಕಂಡ ನವಿಲಿನ ಸಂಗತಿಯನ್ನು ಇಬ್ಬರೂ ಸೇರಿ ಹೇಳಿದರು. ಇಬ್ಬರೂ ಅಲ್ಲಲ್ಲಿ ಉಗ್ಗಿದರು, ಕತೆ ಪೂರ್ಣವಾಯಿತು. ಮಗುವಿನ ಉಗ್ಗು ಮೊದಲಿಗಿಂತ ಕಡಿಮೆಯಾಗಿದೆ, ಪೂರಾ ನಿಂತಿಲ್ಲ. ಚಿಕಿತ್ಸೆ ಮುಂದುವರಿದಿದೆ.